ವರದಿಯಲ್ಲಿ ‘ಪ್ರತಿಕಾಯ ಇದೆ’ ಎಂದು ಬಂದರೆ: ಹಂದಿ ಸಾಕಣೆದಾರರ ಪ್ರಶ್ನೆಗಳಿಗೆ ಪಶುವೈದ್ಯರ ಉತ್ತರ

ಈ ತಿಂಗಳು ನಮ್ಮ ಅಂಕಣಕ್ಕೆ ಬಂದ ಪತ್ರಗಳಲ್ಲಿ ಹೆಚ್ಚಿನವು ಹಾಸನ ಮತ್ತು ಚಿಕ್ಕಮಗಳೂರು ಜಿಲ್ಲೆಗಳ ಹಂದಿ ಸಾಕಣೆದಾರರು ಬರೆದವು. ಬಹುತೇಕ ಎಲ್ಲರ ಕೈಯಲ್ಲೂ ಹಂದಿ ಜ್ವರದ (ಹಂದಿಗಳಿಗೆ ಮಾತ್ರ ಬರುವ ವೈರಾಣು ರೋಗ, ಇಂಗ್ಲಿಷಿನಲ್ಲಿ ಕ್ಲಾಸಿಕಲ್ ಸ್ವೈನ್ ಫೀವರ್) ಒಂದು ರಕ್ತಪರೀಕ್ಷೆಯ ವರದಿ ಇದೆ; ಎಲ್ಲರ ಕಳವಳಕ್ಕೂ ಅದರಲ್ಲಿರುವ ‘ಪ್ರತಿಕಾಯ’ ಎಂಬ ಒಂದೇ ಪದ ಕಾರಣವಾಗಿದೆ. ವೈರಾಣು ದೇಹವನ್ನು ಹೊಕ್ಕಾಗ ಅದನ್ನು ಗುರುತಿಸಿ ಹಿಡಿಯುವುದಕ್ಕಾಗಿ ರಕ್ತದಲ್ಲಿ ತಯಾರಾಗುವ ಪ್ರೋಟೀನಿಗೆ ಪ್ರತಿಕಾಯ ಎನ್ನುತ್ತಾರೆ. ಇದು ಇದ್ದರೆ ಒಳ್ಳೆಯದು, ಇಲ್ಲದಿದ್ದರೆ ಕೆಟ್ಟದ್ದು ಎಂದು ಕೆಲವರು ತಿಳಿದಿದ್ದಾರೆ. ಇದ್ದರೆ ರೋಗ, ಇಲ್ಲದಿದ್ದರೆ ಆರೋಗ್ಯ ಎಂದು ಇನ್ನು ಕೆಲವರು ತಿಳಿದಿದ್ದಾರೆ. ಎರಡೂ ಸರಿಯಲ್ಲ. ಆ ಹಂದಿಯ ವಯಸ್ಸೆಷ್ಟು, ಅದರ ತಾಯಿ ಯಾವುದು, ಲಸಿಕೆ ಯಾವಾಗ ಬಿತ್ತು, ಜ್ವರ ಬಂದು ಎಷ್ಟು ದಿನವಾಯಿತು ಎಂಬುದು ಗೊತ್ತಿಲ್ಲದೆ ಆ ಪದಕ್ಕೆ ಅರ್ಥ ಹೇಳಲು ನನಗೂ ಸಾಧ್ಯವಿಲ್ಲ. ಪತ್ರಗಳನ್ನು ಚಿಕ್ಕದು ಮಾಡಿ ಕೊಟ್ಟಿದ್ದೇನೆ. ಬರೆದವರ ಹೆಸರುಗಳನ್ನು ಬಿಟ್ಟಿದ್ದೇನೆ.

ಸಕಲೇಶಪುರ ತಾಲ್ಲೂಕಿನಿಂದ: ಡಾಕ್ಟರೇ, ನಮ್ಮಲ್ಲಿ ಎಂಟು ಯಾರ್ಕ್‌ಶೈರ್ ತಾಯಿ ಹಂದಿಗಳಿವೆ. ಮೂರು ವಾರದ ಮರಿಗಳ ರಕ್ತ ಪರೀಕ್ಷೆ ಮಾಡಿಸಿದಾಗ ಹಂದಿ ಜ್ವರದ ಪ್ರತಿಕಾಯ ಇದೆ ಎಂದು ಬಂದಿದೆ. ಮರಿಗಳಿಗೆ ಇನ್ನೂ ಲಸಿಕೆ ಹಾಕಿಸಿಲ್ಲ, ತಾಯಂದಿರಿಗೆ ಪ್ರತಿ ವರ್ಷ ಹಾಕಿಸುತ್ತೇವೆ. ರೋಗ ಬಂದುಬಿಟ್ಟಿದೆಯೇ? ಮರಿಗಳನ್ನು ಬೇಗ ಮಾರಿಬಿಡಬೇಕೇ?

ಗಾಬರಿಯಾಗಬೇಡಿ, ಮರಿಗಳನ್ನು ಮಾರುವುದೂ ಬೇಡ. ನಿಮ್ಮ ಪತ್ರದಲ್ಲಿ ನೀವೇ ಉತ್ತರವನ್ನೂ ಬರೆದಿದ್ದೀರಿ: ತಾಯಂದಿರಿಗೆ ಲಸಿಕೆ ಬಿದ್ದಿದೆ. ಮರಿಗಳ ರಕ್ತದಲ್ಲಿ ಕಂಡದ್ದು ತಾಯಿಯ ಪ್ರತಿಕಾಯ, ಅದು ಗಿಣ್ಣು ಹಾಲಿನ ಮೂಲಕ ಬಂದದ್ದು.

ಮನುಷ್ಯರಲ್ಲಿ ಮಗು ಹೊಟ್ಟೆಯಲ್ಲಿರುವಾಗಲೇ ತಾಯಿಯ ಪ್ರತಿಕಾಯಗಳು ಮಾಸದ ಮೂಲಕ ಅದಕ್ಕೆ ಸೇರುತ್ತವೆ. ಹಂದಿಯಲ್ಲಿ ಹಾಗಾಗುವುದಿಲ್ಲ. ತಾಯಿಯ ರಕ್ತಕ್ಕೂ ಮರಿಯ ರಕ್ತಕ್ಕೂ ನಡುವೆ ಆರು ಪದರಗಳ ಗೋಡೆ ಇರುವುದರಿಂದ, 114 ದಿನಗಳ ಗಬ್ಬದ ಅವಧಿಯಲ್ಲಿ ಪ್ರತಿಕಾಯ ಆ ಕಡೆಗೆ ದಾಟುವುದಿಲ್ಲ. ಹೀಗಾಗಿ ಹಂದಿಮರಿ ಹುಟ್ಟುವುದು ಬರಿಗೈಯಲ್ಲಿ. ಅದಕ್ಕೆ ಸಿಗುವ ರಕ್ಷಣೆಯೆಲ್ಲ ಹುಟ್ಟಿದ ಮೇಲೆ ಕುಡಿಯುವ ಗಿಣ್ಣಿನಿಂದ. ಮರಿಯ ಕರುಳು ಪ್ರತಿಕಾಯವನ್ನು ಇಡಿಯಾಗಿ ಹೀರಿಕೊಂಡು ರಕ್ತಕ್ಕೆ ಬಿಡುವುದು ಸುಮಾರು ಮೊದಲ 24ರಿಂದ 36 ಗಂಟೆಗಳವರೆಗೆ ಮಾತ್ರ, ಅದರಲ್ಲೂ ಮೊದಲ ಕೆಲವು ಗಂಟೆಗಳಲ್ಲಿ ಹೆಚ್ಚು. ಆ ಬಾಗಿಲು ಮುಚ್ಚಿದ ಮೇಲೆ ಎಷ್ಟು ಹಾಲು ಕುಡಿದರೂ ಪ್ರತಿಕಾಯ ರಕ್ತಕ್ಕೆ ಸೇರುವುದಿಲ್ಲ, ಕರುಳಿನೊಳಗಷ್ಟೇ ಕಾವಲು ನಿಲ್ಲುತ್ತದೆ. ಮರಿಯೊಂದಕ್ಕೆ ಮೊದಲ ದಿನ ಸುಮಾರು 200ರಿಂದ 250 ಗ್ರಾಂ ಗಿಣ್ಣು ಬೇಕು.

ನಿಮ್ಮ ಕಡೆ ಇದು ಮಳೆಗಾಲದಲ್ಲಿ ಕಷ್ಟವಾಗುತ್ತದೆ. ಆಷಾಢದ ಗಾಳಿ ಶೆಡ್ಡಿನೊಳಗೆ ನುಗ್ಗುವಾಗ ಮರಿಗಳು ಒಂದರ ಮೇಲೊಂದು ಬಿದ್ದುಕೊಂಡು ನಡುಗುತ್ತವೆಯೇ ಹೊರತು ಮೊಲೆ ಹಿಡಿಯುವುದಿಲ್ಲ. ಹೊಸದಾಗಿ ಹುಟ್ಟಿದ ಮರಿ ಮಲಗುವ ಜಾಗದಲ್ಲಿ 32ರಿಂದ 34 ಡಿಗ್ರಿ ಸೆಲ್ಸಿಯಸ್ ಶಾಖ ಬೇಕು. ಮೂಲೆಗೊಂದು ಬಲ್ಬು, ಕೆಳಗೆ ಒಣಹುಲ್ಲು, ಗಾಳಿ ಬರುವ ಕಡೆ ಗೋಣಿತಾಟು, ಇಷ್ಟಾದರೂ ಇರಲಿ. ಹಿಂದಿನ ಮೊಲೆಗಳಲ್ಲಿ ಹಾಲು ಕಡಿಮೆಯಿರುತ್ತದೆ, ಬಲವಾದ ಮರಿಗಳು ಮುಂದಿನ ಮೊಲೆಗಳನ್ನು ಹಿಡಿದುಕೊಂಡುಬಿಡುತ್ತವೆ. ಆದ್ದರಿಂದ ಸಣ್ಣ ಮರಿಯನ್ನು ನೀವೇ ಎತ್ತಿ ಮುಂದಿನ ಮೊಲೆಗೆ ಹಚ್ಚಬೇಕು. ಒಂದೇ ಸೂಲಿನ ಹತ್ತು ಮರಿಗಳಲ್ಲಿ ಎಂಟಕ್ಕೆ ಪ್ರತಿಕಾಯ ಚೆನ್ನಾಗಿದ್ದು ಎರಡಕ್ಕೆ ಏನೂ ಇಲ್ಲ ಎಂದು ವರದಿ ಬಂದರೆ, ಆ ಎರಡು ಮರಿಗಳು ಮೊದಲ ದಿನ ಹಸಿದಿದ್ದವು ಎಂಬುದೇ ಸಾಮಾನ್ಯವಾಗಿ ಅದರ ಅರ್ಥ.

ಈಗ ಲಸಿಕೆಯ ಮಾತು. ತಾಯಿಯಿಂದ ಬಂದ ಪ್ರತಿಕಾಯ ಸಾಲದ ಹಣವಿದ್ದಂತೆ, ಮರಿ ಅದನ್ನು ತಾನೇ ದುಡಿದದ್ದಲ್ಲ. ಸುಮಾರು ಹತ್ತರಿಂದ ಹದಿನಾಲ್ಕು ದಿನಗಳಿಗೊಮ್ಮೆ ಅದು ಅರ್ಧಕ್ಕೆ ಇಳಿಯುತ್ತದೆ. ಲೆಕ್ಕಕ್ಕಾಗಿ, ಮೊದಲ ವಾರದಲ್ಲಿ ಮರಿಯ ರಕ್ತದ ಮಟ್ಟ 128 ಎಂದಿಟ್ಟುಕೊಳ್ಳಿ. ಅಂದರೆ ಸೀರಂ ಅನ್ನು (ರಕ್ತ ಹೆಪ್ಪುಗಟ್ಟಿದ ಮೇಲೆ ನಿಲ್ಲುವ ತಿಳಿ ದ್ರವವನ್ನು) 128 ಪಟ್ಟು ತೆಳುಮಾಡಿದರೂ ಅದು ವೈರಾಣುವನ್ನು ತಡೆಯುತ್ತಿದೆ ಎಂದು. ಎರಡು ವಾರ ಕಳೆಯುವಾಗ ಅದು 64 ಆಗುತ್ತದೆ, ನಾಲ್ಕು ವಾರಕ್ಕೆ 32, ಆರು ವಾರಕ್ಕೆ 16, ಎಂಟು ವಾರಕ್ಕೆ 8. ಹಂದಿ ಜ್ವರಕ್ಕೆ ನಾವು ಹಾಕುವುದು ಜೀವಂತ, ಆದರೆ ದುರ್ಬಲಗೊಳಿಸಿದ ವೈರಾಣುವಿನ ಲಸಿಕೆ. ಮೂರು ವಾರದ ಮರಿಗೆ ಅದನ್ನು ಚುಚ್ಚಿದರೆ ತಾಯಿಯ ಪ್ರತಿಕಾಯವೇ ಲಸಿಕೆಯ ವೈರಾಣುವನ್ನು ಹಿಡಿದು ಹಾಕುತ್ತದೆ. ಮರಿ ಸ್ವಂತದ್ದನ್ನು ತಯಾರಿಸುವುದನ್ನು ಕಲಿಯುವುದೇ ಇಲ್ಲ. ತಡಮಾಡಿದರೆ ತಾಯಿಯದು ಕರಗಿ, ಸ್ವಂತದ್ದೂ ಇಲ್ಲದೆ ಮರಿ ಬಯಲಿಗೆ ಬೀಳುತ್ತದೆ. ಆದ್ದರಿಂದ ಲಸಿಕೆ ಹಾಕಿದ ತಾಯಿಯ ಮರಿಗಳಿಗೆ ಆರರಿಂದ ಎಂಟನೆಯ ವಾರ ಸರಿಯಾದ ಕಾಲ. ನಿಮ್ಮ ಮರಿಗಳಿಗೆ ಅಲ್ಲಿಯವರೆಗೆ ಕಾಯಿರಿ, ದಿನವನ್ನು ಮಾತ್ರ ಕ್ಯಾಲೆಂಡರಿನಲ್ಲಿ ಇಂದೇ ಗುರುತು ಹಾಕಿಕೊಳ್ಳಿ.

ಬೇಲೂರು ತಾಲ್ಲೂಕಿನಿಂದ: ಸಂತೆಯಿಂದ ತಂದ ಹನ್ನೊಂದು ಹಂದಿಗಳಿಗೆ ತಂದ ಮೂರನೇ ದಿನ ಲಸಿಕೆ ಹಾಕಿಸಿದೆವು. ಎರಡು ದಿನಕ್ಕೆ ಜ್ವರ ಶುರುವಾಗಿ ಒಂದು ವಾರದಲ್ಲಿ ನಾಲ್ಕು ಸತ್ತವು. ಕಿವಿ, ಹೊಟ್ಟೆ ನೇರಳೆಯಾಗಿದ್ದವು, ಹಿಂಗಾಲು ಹೊಯ್ದಾಡುತ್ತಿತ್ತು. ಕಾಯಿಲೆಯ ಹಂದಿಗಳ ರಕ್ತದಲ್ಲಿ ಹಂದಿ ಜ್ವರದ ಪ್ರತಿಕಾಯ ಇಲ್ಲ ಎಂದು ವರದಿ ಬಂತು. ಹಾಗಾದರೆ ಇದು ಹಂದಿ ಜ್ವರ ಅಲ್ಲವೇ? ಲಸಿಕೆಯೇ ಕೊಂದಿತೇ?

ನಿಮ್ಮ ನಷ್ಟಕ್ಕೆ ನನಗೆ ನಿಜವಾಗಿಯೂ ನೋವಾಗಿದೆ. ಆದರೆ ಆ ವರದಿಯಿಂದ ಇದು ಹಂದಿ ಜ್ವರ ಅಲ್ಲ ಎಂದು ಹೇಳಲು ಬರುವುದಿಲ್ಲ.

ವೈರಾಣು ಮೊದಲು ಗಂಟಲಿನ ಟಾನ್ಸಿಲ್‌ಗಳಲ್ಲಿ ಬೆಳೆದು ನಂತರ ರಕ್ತಕ್ಕೆ ಇಳಿಯುತ್ತದೆ. ದೇಹ ಅದನ್ನು ಗುರುತಿಸಿ, ಪರೀಕ್ಷೆಯಲ್ಲಿ ಕಾಣುವಷ್ಟು ಪ್ರತಿಕಾಯ ತಯಾರಿಸಲು ಎರಡು ವಾರವಾದರೂ ಬೇಕು, ಕೆಲವೊಮ್ಮೆ ಮೂರು. ಅದಕ್ಕಿಂತ ಮುಖ್ಯವಾಗಿ, ಹಂದಿ ಜ್ವರದ ವೈರಾಣು ರಕ್ತದ ಬಿಳಿಕಣಗಳ ಮೇಲೆಯೇ ಎರಗುತ್ತದೆ. ಪ್ರತಿಕಾಯ ತಯಾರಿಸುವ ಕಾರ್ಖಾನೆಯನ್ನೇ ಮೊದಲು ಕೆಡವುತ್ತದೆ. ತೀವ್ರ ಸ್ವರೂಪದ ರೋಗದಲ್ಲಿ ಹಂದಿ ಪ್ರತಿಕಾಯ ತಯಾರಾಗುವ ಮೊದಲೇ ಸಾಯುವುದು ಸಾಮಾನ್ಯ. ಜ್ವರ ಏರಿರುವ ದಿನಗಳಲ್ಲಿ ಹುಡುಕಬೇಕಾದದ್ದು ವೈರಾಣುವನ್ನು, ಪ್ರತಿಕಾಯವನ್ನಲ್ಲ. ಅದಕ್ಕೆ ಹೆಪ್ಪುಗಟ್ಟದಂತೆ ಇಡಿಟಿಎ ಟ್ಯೂಬಿನಲ್ಲಿ ತೆಗೆದ ರಕ್ತ, ಸತ್ತ ಹಂದಿಯ ಟಾನ್ಸಿಲ್, ಗುಲ್ಮ ಮತ್ತು ದುಗ್ಧಗ್ರಂಥಿಗಳು ಬೇಕು. ವೈರಾಣುವಿನ ವಂಶವಸ್ತುವನ್ನೇ ಹುಡುಕುವ ಪಿಸಿಆರ್ ಪರೀಕ್ಷೆ ಆಗಬೇಕು. ಇನ್ನೊಂದು ಮಾತು: ನೀವು ಬರೆದ ಲಕ್ಷಣಗಳೆಲ್ಲ, ಬೇರೆಯೇ ವೈರಾಣುವಿನಿಂದ ಬರುವ ಆಫ್ರಿಕನ್ ಹಂದಿ ಜ್ವರದಲ್ಲಿಯೂ ಹಾಗೆಯೇ ಇರುತ್ತವೆ, ಕಣ್ಣಿನಿಂದ ನೋಡಿ ಇವೆರಡನ್ನು ಬೇರ್ಪಡಿಸಲು ಎಷ್ಟು ಅನುಭವವಿದ್ದವರಿಗೂ ಆಗುವುದಿಲ್ಲ. ಆದ್ದರಿಂದ ಎರಡಕ್ಕೂ ಪರೀಕ್ಷೆ ಆಗಲಿ ಎಂದು ನಿಮ್ಮ ಪಶುವೈದ್ಯಾಧಿಕಾರಿಯವರನ್ನು ಕೇಳಿ.

ಲಸಿಕೆ ಕೊಂದಿತೇ ಎಂಬ ಪ್ರಶ್ನೆಗೆ ಬರೋಣ. ಸಂತೆಯಲ್ಲಿ ಹತ್ತು ಕಡೆಯ ಹಂದಿಗಳು ಒಂದೆಡೆ ನಿಲ್ಲುತ್ತವೆ, ಒಂದೇ ಗಾಡಿಯಲ್ಲಿ ಬರುತ್ತವೆ. ನಿಮ್ಮ ಹಂದಿಗಳಿಗೆ ಸೋಂಕು ಆಗಲೇ ತಗುಲಿತ್ತು, ಲಸಿಕೆ ಬೀಳುವ ಹೊತ್ತಿಗೆ ವೈರಾಣು ಒಳಗೆ ಬೆಳೆಯುತ್ತಿತ್ತು ಎಂಬುದೇ ಹೆಚ್ಚು ಸಂಭವ. ಆರೋಗ್ಯವಾಗಿರುವ ಹಂದಿಯಲ್ಲಿ ಜೀವಂತ ಲಸಿಕೆ ಸುಮಾರು ಒಂದು ವಾರದೊಳಗೆ, ಅಂದರೆ ಪ್ರತಿಕಾಯ ಪರೀಕ್ಷೆಯಲ್ಲಿ ಕಾಣುವ ಮೊದಲೇ, ರಕ್ಷಣೆ ಕೊಡಲು ತೊಡಗುತ್ತದೆ. ಆದರೆ ಆ ಒಂದು ವಾರ ಸಿಗಬೇಕಲ್ಲ. ಹೊಸ ಹಂದಿಗಳನ್ನು ತಂದ ಮೇಲೆ ಮೂರರಿಂದ ನಾಲ್ಕು ವಾರ ಹಳೆಯ ಹಿಂಡಿನಿಂದ ದೂರ ಇಡಿ, ಅವುಗಳನ್ನು ನೋಡಿಕೊಳ್ಳುವವರ ಬೂಟು, ಬಕೆಟ್ಟು, ಸಲಿಕೆ ಎಲ್ಲವೂ ಬೇರೆಯಾಗಿರಲಿ.

ಲಸಿಕೆ ತಂದ ಬಗೆಯನ್ನೂ ಒಮ್ಮೆ ನೆನಪಿಸಿಕೊಳ್ಳಿ. ಲಸಿಕೆಯ ಬಾಟಲಿಯನ್ನು ಅಂಗಿಯ ಜೇಬಿನಲ್ಲಿಟ್ಟುಕೊಂಡು ಬಸ್ಸಿನಲ್ಲಿ ಬಂದವರನ್ನು ನಾನು ಕಂಡಿದ್ದೇನೆ. ಒಳಗಿನ ಪುಡಿ ಬಿಳಿಯಾಗಿಯೇ ಕಾಣುತ್ತದೆ, ದ್ರಾವಣದಲ್ಲಿ ಸರಿಯಾಗಿಯೇ ಕರಗುತ್ತದೆ, ಆದರೆ ವೈರಾಣು ಸತ್ತಿರುತ್ತದೆ. ಸತ್ತ ಮೇಲೆ ಅದು ಬರಿಯ ನೀರು. ಐಸ್ ತುಂಬಿದ ಡಬ್ಬಿ ಇಲ್ಲದೆ ಲಸಿಕೆ ತರಬೇಡಿ, ಕಲಸಿದ ಮೇಲೆ ನೆರಳಿನಲ್ಲಿ ಐಸ್ ಮೇಲಿಟ್ಟು ಎರಡು ಗಂಟೆಯೊಳಗೆ ಮುಗಿಸಿ.

ಮೂಡಿಗೆರೆ ತಾಲ್ಲೂಕಿನಿಂದ: ಹಿಂಡಿನಲ್ಲಿ ಎಲ್ಲಕ್ಕೂ ಪ್ರತಿಕಾಯ ಚೆನ್ನಾಗಿ ಬಂದಿದೆ, ನಾಲ್ಕು ತಿಂಗಳ ಒಂದು ಮರಿಗೆ ಮಾತ್ರ ಇಲ್ಲ. ಅದು ಸೊರಗಿದೆ, ಉಳಿದವುಗಳ ಅರ್ಧದಷ್ಟೂ ತೂಕವಿಲ್ಲ. ಎರಡು ಸಲ ಲಸಿಕೆ ಹಾಕಿಸಿದರೂ ಹಾಗೆಯೇ. ಪಾಪದ ಮರಿ, ಮನೆಯವರು ಗಂಜಿ ಹಾಕಿ ಸಾಕುತ್ತಿದ್ದಾರೆ. ಮೂರನೇ ಸಲ ಹಾಕಿಸಲೇ?

ದಯವಿಟ್ಟು ಈ ಮರಿಯನ್ನು ಇಂದೇ ಬೇರೆ ಕಡೆ ಕಟ್ಟಿ, ನಂತರ ಮುಂದಿನದನ್ನು ಓದಿ.

ಸುಮಾರು ಎರಡು ದಶಕಗಳ ಹಿಂದೆ ನಿಮ್ಮದೇ ಸೀಮೆಯ ಒಂದು ಕಾಫಿ ತೋಟದ ಹಂದಿ ಶೆಡ್ಡಿನಲ್ಲಿ ನಾನೇ ಒಂದು ತಪ್ಪು ಮಾಡಿದೆ. ಹಿಂಡಿನಲ್ಲಿ ಹಂದಿ ಜ್ವರ ಬಂದುಹೋಗಿ ಕೆಲವು ತಿಂಗಳಾಗಿದ್ದವು, ಉಳಿದ ಹಂದಿಗಳ ರಕ್ತ ತೆಗೆಸಿದೆ. ಎಲ್ಲದಕ್ಕೂ ಪ್ರತಿಕಾಯವಿತ್ತು, ಗೋಡೆಗೆ ಒರಗಿ ನಿಲ್ಲುತ್ತಿದ್ದ ಒಂದು ಬಡಕಲು ಮರಿಗೆ ಮಾತ್ರ ಇರಲಿಲ್ಲ. ಮೈಮೇಲೆ ಉದ್ದ ಕೂದಲು, ಬೆನ್ನು ಬಿಲ್ಲಿನಂತೆ, ಕಿವಿಯ ತುದಿಗಳು ಕಪ್ಪಾಗಿ ಒಣಗಿದ್ದವು. ಮುಟ್ಟಿದರೆ ಹಿಂಗಾಲು ಸಣ್ಣಗೆ ನಡುಗುತ್ತಿತ್ತು. ಪ್ರತಿಕಾಯವಿಲ್ಲ ಎಂದರೆ ಸೋಂಕು ತಗುಲಿಲ್ಲ ಎಂದು ನಾನು ತೀರ್ಮಾನಿಸಿದೆ, ಸೊರಗಿದ್ದಕ್ಕೆ ಜಂತಿನ ಔಷಧಿ ಬರೆದುಕೊಟ್ಟೆ. ಮನೆಯಾಕೆ ಅದನ್ನು ಮರುಕದಿಂದ ಗಬ್ಬದ ಹಂದಿಗಳ ಪಕ್ಕದ ಬೆಚ್ಚನೆಯ ಅಂಕಣಕ್ಕೆ ಹಾಕಿದರು. ಎರಡು ತಿಂಗಳೊಳಗೆ, ಆ ವರ್ಷ ಹೊಸದಾಗಿ ತಂದಿದ್ದ, ಲಸಿಕೆ ತಪ್ಪಿಹೋಗಿದ್ದ ಮೂರು ಹಂದಿಗಳು ಕಂದು ಹಾಕಿದವು. ಆಮೇಲೆ ಆ ಮರಿಯ ರಕ್ತದಲ್ಲಿ ವೈರಾಣುವನ್ನೇ ಹುಡುಕಿಸಿದೆವು, ಅದು ತುಂಬಿ ತುಳುಕುತ್ತಿತ್ತು. ಆ ಮನೆಯಾಕೆಗೆ ನಾನು ಕೊಟ್ಟ ಸಲಹೆ ಈಗಲೂ ನನ್ನನ್ನು ಕಾಡುತ್ತದೆ.

ಕಾರಣ ಇದು. ಗಬ್ಬದ ಹಂದಿಗೆ ಕಡಿಮೆ ತೀವ್ರತೆಯ ವೈರಾಣು ತಗುಲಿದರೆ ತಾಯಿ ಒಂದೆರಡು ದಿನ ಮೇವು ಬಿಟ್ಟು ಸುಧಾರಿಸಿಕೊಳ್ಳಬಹುದು, ಯಾರ ಗಮನಕ್ಕೂ ಬಾರದಿರಬಹುದು. ಆದರೆ ವೈರಾಣು ಆ ಆರು ಪದರಗಳನ್ನು ದಾಟುತ್ತದೆ. ಪ್ರತಿಕಾಯ ದಾಟದ ಗೋಡೆಯನ್ನು ವೈರಾಣು ದಾಟುತ್ತದೆ ಎಂಬುದೇ ಈ ರೋಗದ ಕ್ರೌರ್ಯ. ಗಬ್ಬದ ಆರಂಭದಲ್ಲಾದರೆ ಮರಿಗಳು ಸಾಯುತ್ತವೆ, ಒಣಗಿದ ಮರಿಗಳು ಹುಟ್ಟುತ್ತವೆ. ಸುಮಾರು 50ರಿಂದ 70ನೆಯ ದಿನದ ನಡುವೆ ತಗುಲಿದರೆ, ತನ್ನದು ಯಾವುದು ಹೊರಗಿನದು ಯಾವುದು ಎಂದು ಮರಿಯ ದೇಹ ಇನ್ನೂ ಕಲಿಯುತ್ತಿರುವ ಆ ಹೊತ್ತಿನಲ್ಲಿ, ವೈರಾಣುವನ್ನೇ ತನ್ನದೆಂದು ಒಪ್ಪಿಕೊಂಡುಬಿಡುತ್ತದೆ. ಅಂಥ ಮರಿ ಹುಟ್ಟುವಾಗ ಸರಿಯಾಗಿಯೇ ಕಾಣಬಹುದು. ಅದು ಆ ವೈರಾಣುವಿನ ವಿರುದ್ಧ ಪ್ರತಿಕಾಯ ತಯಾರಿಸುವುದಿಲ್ಲ, ಎಷ್ಟು ಲಸಿಕೆ ಹಾಕಿದರೂ ಅಷ್ಟೇ. ಆದರೆ ಬದುಕಿರುವವರೆಗೆ, ಕೆಲವೊಮ್ಮೆ ತಿಂಗಳುಗಟ್ಟಲೆ, ಜೊಲ್ಲು, ಮೂತ್ರ, ಸಗಣಿಯಲ್ಲಿ ವೈರಾಣುವನ್ನು ಚೆಲ್ಲುತ್ತಲೇ ಇರುತ್ತದೆ.

ಆದ್ದರಿಂದ ಮೂರನೇ ಲಸಿಕೆ ಬೇಡ, ವೈರಾಣುವಿನ ಪರೀಕ್ಷೆ ಮಾಡಿಸಿ. ವೈರಾಣು ಇಲ್ಲ ಎಂದು ಬಂದರೆ ಮರಿಯ ಸೊರಗುವಿಕೆಗೆ ಬೇರೆ ಕಾರಣ ಹುಡುಕೋಣ. ಇದೆ ಎಂದು ಬಂದರೆ ಆ ಮರಿಯನ್ನು ಉಳಿಸುವ ದಾರಿಯಿಲ್ಲ. ಮಾರಲೂ ಕೂಡದು, ವೈದ್ಯರ ಸಮ್ಮುಖದಲ್ಲಿ ಕೊನೆಗೊಳಿಸಿ ಸುಣ್ಣ ಹಾಕಿ ಆಳವಾಗಿ ಹೂಳಬೇಕು. ಅದರ ತಾಯಿಯ ಇತರ ಮರಿಗಳನ್ನೂ ಪರೀಕ್ಷೆಗೆ ಒಳಪಡಿಸಿ. ಗಂಜಿ ಹಾಕಿದ ಮನೆಯವರಿಗೆ ಇದನ್ನು ನೀವೇ ಕುಳಿತು ಹೇಳಿ. ಅವರ ಮರುಕ ತಪ್ಪಲ್ಲ.

ಚನ್ನರಾಯಪಟ್ಟಣ ತಾಲ್ಲೂಕಿನಿಂದ: ನಮ್ಮದು ಹಾಲಿನ ಹಸುಗಳಿರುವ ಮನೆ, ಕೊಟ್ಟಿಗೆಗೆ ಅಂಟಿಕೊಂಡೇ ಹಂದಿಗಳ ಶೆಡ್ ಇದೆ. ಲಸಿಕೆಯನ್ನೇ ಹಾಕಿಸದ ಎರಡು ಹಳೆಯ ಹಂದಿಗಳಲ್ಲಿ ಸ್ವಲ್ಪ ಪ್ರತಿಕಾಯ ಕಂಡಿದೆ, ಹಂದಿಗಳು ಆರೋಗ್ಯವಾಗಿವೆ. ಇದು ಎಲ್ಲಿಂದ ಬಂತು?

ಹಂದಿ ಜ್ವರದ ವೈರಾಣುವಿಗೆ ದನಗಳಲ್ಲಿ ಒಬ್ಬ ದಾಯಾದಿ ಇದ್ದಾನೆ: ದನಗಳಲ್ಲಿ ಭೇದಿ ಮತ್ತು ಗರ್ಭಪಾತಕ್ಕೆ ಕಾರಣವಾಗುವ ಬಿವಿಡಿ ವೈರಾಣು. ಎರಡೂ ಪೆಸ್ಟಿವೈರಸ್ ಎಂಬ ಒಂದೇ ಕುಲದವು. ಬಿವಿಡಿ ಹಂದಿಗೆ ತಗುಲಿದರೆ ಸಾಮಾನ್ಯವಾಗಿ ತೊಂದರೆ ಮಾಡುವುದಿಲ್ಲ, ಆದರೆ ಅದರಿಂದ ಹುಟ್ಟಿದ ಪ್ರತಿಕಾಯ ಕೆಲವು ಪರೀಕ್ಷೆಗಳಲ್ಲಿ ಹಂದಿ ಜ್ವರದ್ದೆಂದು ತೋರಬಹುದು. ಎರಡು ವೈರಾಣುಗಳನ್ನೂ ಪಕ್ಕಪಕ್ಕದಲ್ಲಿಟ್ಟು ಸೀರಂ ಯಾವುದನ್ನು ಹೆಚ್ಚು ತಡೆಯುತ್ತದೆ ಎಂದು ನೋಡುವ ಪರೀಕ್ಷೆಯಿಂದ ಇದು ಬಗೆಹರಿಯುತ್ತದೆ. ಎರಡರಿಂದ ಮೂರು ವಾರ ಬಿಟ್ಟು ಅದೇ ಹಂದಿಗಳ ರಕ್ತವನ್ನು ಮತ್ತೆ ತೆಗೆಸಿ. ಮಟ್ಟ ನಾಲ್ಕು ಪಟ್ಟು ಅಥವಾ ಹೆಚ್ಚು ಏರಿದ್ದರೆ ಸೋಂಕು ಇತ್ತೀಚಿನದು, ಹಾಗೆಯೇ ಇದ್ದರೆ ಹಳೆಯದು. ಹಸು ಮತ್ತು ಹಂದಿಗಳ ನಡುವೆ ಒಂದು ಗೋಡೆಯಂತೂ ಬೇಕೇ ಬೇಕು. ಲಸಿಕೆ ಹಾಕಿಸದಿರುವುದಕ್ಕೆ ಮಾತ್ರ ನನಗೆ ಯಾವ ಸಮರ್ಥನೆಯೂ ಕಾಣುವುದಿಲ್ಲ.

ಚಿಕ್ಕಮಗಳೂರಿನಿಂದ: ಆಫ್ರಿಕನ್ ಹಂದಿ ಜ್ವರಕ್ಕೂ ಲಸಿಕೆ ಸಿಗುತ್ತದೆಯೇ? ಅದರಿಂದ ಬದುಕಿ ಉಳಿದ ಹಂದಿಯಲ್ಲಿ ಪ್ರತಿಕಾಯ ಇರುತ್ತದಲ್ಲ, ಅದನ್ನು ತಳಿಗೆ ಇಟ್ಟುಕೊಳ್ಳಬಹುದೇ? ಹಂದಿಮಾಂಸ ತಿಂದವರಿಗೆ ಅಪಾಯವೇ?

ಮೊದಲು ಹೆಸರಿನ ಗೊಂದಲ ಬಿಡಿಸೋಣ. 2009ರಲ್ಲಿ ಮನುಷ್ಯರಲ್ಲಿ ಹರಡಿದ ಎಚ್1ಎನ್1 ಜ್ವರವನ್ನು ಪತ್ರಿಕೆಗಳು ‘ಹಂದಿ ಜ್ವರ’ ಎಂದೇ ಬರೆದವು, ಅದು ಇನ್‌ಫ್ಲುಯೆಂಜಾ. ಹಂದಿಗಳ ಹಂದಿ ಜ್ವರ ಬೇರೆ, ಆಫ್ರಿಕನ್ ಹಂದಿ ಜ್ವರ ಮತ್ತೂ ಬೇರೆ. ಕೊನೆಯ ಇವೆರಡೂ ಮನುಷ್ಯರಿಗೆ ತಗುಲುವುದಿಲ್ಲ.

ಆಫ್ರಿಕನ್ ಹಂದಿ ಜ್ವರವನ್ನು ಕೀನ್ಯಾದಲ್ಲಿ ಕಂಡದ್ದನ್ನು 1921ರಲ್ಲಿ ಮೊದಲು ವಿವರಿಸಲಾಯಿತು. 2018ರಲ್ಲಿ ಅದು ಚೀನಾಕ್ಕೂ, 2020ರಲ್ಲಿ ಅಸ್ಸಾಂ ಮತ್ತು ಅರುಣಾಚಲ ಪ್ರದೇಶಗಳ ಮೂಲಕ ಭಾರತಕ್ಕೂ ಬಂತು. ವಿಯೆಟ್ನಾಂ ಒಂದು ಲಸಿಕೆಯನ್ನು ಬಳಕೆಗೆ ತಂದಿದೆ, ನಮ್ಮ ದೇಶದಲ್ಲಿ ಸಾಕಣೆದಾರರ ಬಳಕೆಗೆ ಲಸಿಕೆ ಇಲ್ಲ. ಹಲವು ಪದರಗಳುಳ್ಳ ಆ ದೊಡ್ಡ ವೈರಾಣು, ರೋಗಾಣುಗಳನ್ನು ನುಂಗಬೇಕಾದ ಜೀವಕೋಶಗಳ ಒಳಗೇ ಕುಳಿತು ಬೆಳೆಯುತ್ತದೆ. ಪ್ರತಿಕಾಯ ಹುಟ್ಟಿದರೂ ಅದು ವೈರಾಣುವನ್ನು ಪೂರ್ತಿಯಾಗಿ ತಡೆಯಲಾರದು. ಲಸಿಕೆಯೇ ಇಲ್ಲದಿರುವುದರಿಂದ ಇಲ್ಲಿ ವರದಿಯ ಅರ್ಥ ನೇರವಾಗಿದೆ: ಪ್ರತಿಕಾಯ ಇದ್ದರೆ ಆ ಹಂದಿ ನಿಜವಾದ ವೈರಾಣುವಿಗೆ ಸಿಕ್ಕಿತ್ತು. ಬದುಕಿ ಉಳಿದ ಹಂದಿಯ ದೇಹದಲ್ಲಿ ವೈರಾಣು ಬಹುಕಾಲ ಉಳಿದಿರಬಹುದಾದ್ದರಿಂದ ತಳಿಗೆ ಇಟ್ಟುಕೊಳ್ಳುವ ಯೋಚನೆಯನ್ನು ಬಿಟ್ಟುಬಿಡಿ. ಅನುಮಾನವಿದ್ದರೆ ಕೂಡಲೇ ತಿಳಿಸುವುದು 2009ರ ಪ್ರಾಣಿ ಸಾಂಕ್ರಾಮಿಕ ರೋಗಗಳ ಕಾಯ್ದೆಯ ಪ್ರಕಾರ ಮಾಲೀಕರ ಕರ್ತವ್ಯ.

ತಿನ್ನುವವರಿಗೆ ಅಪಾಯವಿಲ್ಲ, ಆದರೆ ತಿಂದು ಬಿಟ್ಟದ್ದು ಹಂದಿಗೆ ಅಪಾಯ. ಎರಡೂ ಜ್ವರಗಳ ವೈರಾಣು ಹಸಿ ಮತ್ತು ಒಣಗಿಸಿದ ಮಾಂಸದಲ್ಲಿ ಬಹಳ ಕಾಲ ಬದುಕುತ್ತದೆ. ಹೋಟೆಲು, ಹೋಂಸ್ಟೇಗಳ ಮುಸುರೆಯನ್ನು ಹಂದಿಗಳಿಗೆ ಹಾಕುವುದು ನಮ್ಮಲ್ಲಿ ರೂಢಿ. ಬಿಡಲು ಆಗದಿದ್ದರೆ, ಕನಿಷ್ಠ 90 ಡಿಗ್ರಿಯಲ್ಲಿ 60 ನಿಮಿಷ, ತಳದಿಂದ ಕೈಯಾಡಿಸುತ್ತಾ ಕುದಿಸಿ ಹಾಕಿ. ಬಿಸಿ ಮಾಡಿ ಇಳಿಸುವುದು ಕುದಿಸಿದಂತಲ್ಲ.

ಆಲೂರಿನಿಂದ: ನಮ್ಮ ಹಂದಿಗಳ ರಕ್ತ ಎರಡು ಸಲ ‘ಪರೀಕ್ಷೆಗೆ ಯೋಗ್ಯವಲ್ಲ’ ಎಂದು ವಾಪಸಾಯಿತು. ಹೇಗೆ ಕಳುಹಿಸಬೇಕು?

ರಕ್ತವನ್ನು ಪಶುವೈದ್ಯರೇ ತೆಗೆಯಲಿ, ಹಂದಿಯ ಕತ್ತಿನ ರಕ್ತನಾಳ ಆಳದಲ್ಲಿರುತ್ತದೆ. ಪ್ರತಿಕಾಯದ ಪರೀಕ್ಷೆಗೆ ಯಾವ ಔಷಧವೂ ಇಲ್ಲದ ಒಣ ಟ್ಯೂಬಿನಲ್ಲಿ ಸುಮಾರು ಐದು ಮಿಲಿ ಲೀಟರ್ ಸಾಕು. ಸಿರಿಂಜಿನ ಸೂಜಿ ತೆಗೆದು, ಟ್ಯೂಬಿನ ಗೋಡೆಗುಂಟ ನಿಧಾನವಾಗಿ ಇಳಿಬಿಡಬೇಕು. ಸೂಜಿಯಿಂದ ಜೋರಾಗಿ ಚಿಮ್ಮಿಸಿದರೆ ಕೆಂಪುಕಣಗಳು ಒಡೆಯುತ್ತವೆ. ಟ್ಯೂಬನ್ನು ಓರೆಯಾಗಿ ಒರಗಿಸಿ ಒಂದೆರಡು ಗಂಟೆ ಅಲುಗಾಡಿಸದೆ ಬಿಟ್ಟರೆ ರಕ್ತ ಹೆಪ್ಪುಗಟ್ಟಿ, ಮೇಲೆ ತಿಳಿ ಹಳದಿಯ ಸೀರಂ ನಿಲ್ಲುತ್ತದೆ. ಅದನ್ನು ಬೇರೆ ಟ್ಯೂಬಿಗೆ ತೆಗೆದು ಐಸ್ ಮೇಲಿಟ್ಟು ಕಳುಹಿಸಿ. ನಿಮ್ಮದು ವಾಪಸಾದದ್ದು ಬಹುಶಃ ಹೆಪ್ಪಿನ ಸಮೇತ ಫ್ರೀಜರಿನಲ್ಲಿ ಇಟ್ಟದ್ದರಿಂದ. ಕರಗಿದಾಗ ಎಲ್ಲವೂ ಕೆಂಪು ನೀರಾಗುತ್ತದೆ.

ಹಾಸನದ ಪಶುವೈದ್ಯಕೀಯ ಕಾಲೇಜಿನಲ್ಲಿ ವಿಚಾರಿಸಿ, ಇಲ್ಲವೇ ನಿಮ್ಮ ಆಸ್ಪತ್ರೆಯ ಮೂಲಕ ಬೆಂಗಳೂರಿನ ಹೆಬ್ಬಾಳದಲ್ಲಿರುವ ಪಶು ಆರೋಗ್ಯ ಮತ್ತು ಜೈವಿಕ ಸಂಸ್ಥೆಗೆ ಕಳುಹಿಸಿ. ಪ್ರತಿ ಟ್ಯೂಬಿನ ಮೇಲೆ ಹಂದಿಯ ಕಿವಿಯೋಲೆಯ ಸಂಖ್ಯೆ ಇರಲಿ. ಜೊತೆಗೊಂದು ಹಾಳೆಯಲ್ಲಿ ಅದೇ ಸಂಖ್ಯೆಯ ಮುಂದೆ ವಯಸ್ಸು, ತಾಯಿಯ ಸಂಖ್ಯೆ, ತಾಯಿಗೂ ಮರಿಗೂ ಲಸಿಕೆ ಬಿದ್ದ ದಿನಾಂಕ, ಜ್ವರ ಬಂದಿದ್ದರೆ ಯಾವತ್ತು ಎಂಬುದನ್ನು ಬರೆದು ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ. ಪೆನ್ಸಿಲಿನಿಂದ ಬರೆಯಿರಿ, ಐಸ್ ಕರಗಿದರೆ ಪೆನ್ನಿನ ಶಾಯಿ ಅಳಿಸಿಹೋಗುತ್ತದೆ.